ಎಂಜಿನ್ ಇಲ್ಲದ ಗಾಡಿಗೂ ತಕ್ಕ ನಿಯಮ ಬೇಕು

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾಂಪಿಂಗ್ ಟ್ರೇಲರ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಕೇಂದ್ರ ಸರ್ಕಾರ 2004ರ ನವೆಂಬರ್ 5ರಂದು ಹೊರಡಿಸಿದ ವಾಹನ ವರ್ಗಗಳ ಅಧಿಸೂಚನೆಯಲ್ಲಿ, ಸಾರಿಗೆಯೇತರ ವಾಹನಗಳ ಸಾಲಿನಲ್ಲಿ ‘ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್’ ಎಂಬ ವರ್ಗವೇ ಇದೆ. ಎರಡು ದಶಕಗಳಿಂದ ಸರ್ಕಾರಿ ದಾಖಲೆಯಲ್ಲಿ ಇದಕ್ಕೊಂದು ಜಾಗ ಸಿಕ್ಕಿದೆ. ಆದರೆ ಇಂಥದ್ದೊಂದನ್ನು ಹೊರದೇಶದಿಂದ ತರಿಸಿ, ನಂಬರ್ ಹಾಕಿಸಿ, ರಸ್ತೆಗಿಳಿಸಲು ಹೊರಟವರನ್ನು ಕೇಳಿ ನೋಡಿ. ಬಂದರಿನಲ್ಲಿ ಒಂದು ಮಾತು, ಆರ್‌ಟಿಒದಲ್ಲಿ ಇನ್ನೊಂದು, ವಿಮಾ ಕಚೇರಿಯಲ್ಲಿ ಮತ್ತೊಂದು. ಮದುವೆಗೆ ಕರೆದು, ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕುವುದನ್ನೇ ಮರೆತ ಹಾಗಾಗಿದೆ ಇದರ ಸ್ಥಿತಿ.

ಈ ಮಾತನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಅಪ್ಪ ಮಂಡ್ಯದಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತಿದ್ದರು. ನಾನು ಪೀಣ್ಯದಲ್ಲಿ ಅದೇ ಕಸುಬನ್ನು ಮುಂದುವರಿಸಿದ್ದೇನೆ. ಜನರೇಟರ್ ಕೂರಿಸುವ ಟ್ರೇಲರ್, ಕಂಪ್ರೆಸರ್ ಟ್ರೇಲರ್, ಕುದುರೆ ಸಾಗಿಸುವ ಟ್ರೇಲರ್ ನಮ್ಮ ವರ್ಕ್‌ಶಾಪಿನ ನಿತ್ಯದ ಕೆಲಸ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಗಿರಾಕಿಗಳು ಬರತೊಡಗಿದ್ದಾರೆ. ಸಕಲೇಶಪುರ, ಮಡಿಕೇರಿಯ ತೋಟದವರು, ಕೆಲಸದಿಂದ ಬೇಗ ನಿವೃತ್ತಿ ಪಡೆದ ಬೆಂಗಳೂರಿನ ದಂಪತಿಗಳು, ಆಸ್ಟ್ರೇಲಿಯಾದಲ್ಲಿ ದುಡಿದು ಮೈಸೂರಿಗೆ ಮರಳುತ್ತಿರುವ ಸಂಸಾರಗಳು. ಅವರಿಗೆಲ್ಲ ಬೇಕಾಗಿರುವುದು ಒಂದೇ: ಕಲ್ಲುಮಣ್ಣಿನ ದಾರಿಯಲ್ಲೂ ಜೀಪಿನ ಹಿಂದೆ ಬರುವ, ರಾತ್ರಿ ಒಳಗೆ ಮಲಗಬಹುದಾದ ಗಟ್ಟಿಮುಟ್ಟಾದ ಆಫ್‌ರೋಡ್ ಟ್ರೇಲರ್. ಇವರ ಜತೆ ಓಡಾಡಿ ನನಗೆ ಖಚಿತವಾಗಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಸಡಿಲಾಗಬೇಕು ಎಂದು ನಾನು ಕೇಳುತ್ತಿಲ್ಲ. ಬಿಗಿಯಾಗಿಯೇ ಇರಲಿ. ಆದರೆ ಅದು ಟ್ರೇಲರನ್ನು ಕಣ್ಣೆದುರು ಇಟ್ಟುಕೊಂಡು ಬರೆದ ಕಾನೂನಾಗಿರಲಿ.

ತೊಡಕು ಹುಟ್ಟುವುದು ಮೋಟಾರು ವಾಹನ ಕಾಯ್ದೆ, 1988ರ ಎರಡನೇ ಸೆಕ್ಷನ್‌ನಲ್ಲೇ. ‘ಮೋಟಾರು ವಾಹನ’ ಎಂದರೆ ಯಂತ್ರಬಲದಿಂದ ಚಲಿಸುವ ವಾಹನ ಎಂದು ಅದರ 28ನೇ ಉಪವಿಧಿ ಹೇಳುತ್ತದೆ, ಅದರೊಳಗೆ ಟ್ರೇಲರ್ ಕೂಡ ಸೇರುತ್ತದೆ ಎಂದೂ ಹೇಳುತ್ತದೆ. ಎಂಜಿನ್ ಇಲ್ಲದಿದ್ದರೂ ಕಾನೂನಿನ ಕಣ್ಣಿಗೆ ಅದು ಸ್ವತಂತ್ರ ವಾಹನ. ಹಾಗಾಗಿ 39ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ, 146ನೇ ಸೆಕ್ಷನ್ ಪ್ರಕಾರ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. 61ನೇ ಸೆಕ್ಷನ್ ಟ್ರೇಲರ್‌ಗೆಂದೇ ಇದೆ: ನೋಂದಣಿಯ ನಿಯಮಗಳು ಬೇರೆ ವಾಹನಗಳಿಗೆ ಹೇಗೋ ಟ್ರೇಲರ್‌ಗೂ ಹಾಗೇ ಅನ್ವಯಿಸುತ್ತವೆ, ಜತೆಗೆ, ಎಳೆಯುವ ಗಾಡಿಯ ನಂಬರ್ ಟ್ರೇಲರ್ ಮೇಲೂ ಕಾಣಬೇಕು. ಇಷ್ಟರ ಮಟ್ಟಿಗೆ ತಕರಾರಿಲ್ಲ. ರಸ್ತೆಯಲ್ಲಿ ಓಡುವ ಯಾವ ಗಾಡಿಯೂ ಗುರುತಿಲ್ಲದೆ ಓಡಬಾರದು.

‘ಬೇರೆ ವಾಹನಗಳಿಗೆ ಹೇಗೋ ಹಾಗೇ’ ಎಂಬುದು ಕಾಗದದ ಮೇಲೆ ಸುಲಭ. ಬಂದರಿಗೆ ಹೋದಾಗ ಅದರ ಭಾರ ತಿಳಿಯುತ್ತದೆ.

ಆಮದು ಸುಂಕದ ಪಟ್ಟಿಯಲ್ಲಿ ವಾಸಕ್ಕೆ ಅಥವಾ ಕ್ಯಾಂಪಿಂಗ್‌ಗೆ ಬಳಸುವ ಕ್ಯಾರವಾನ್ ಮಾದರಿಯ ಟ್ರೇಲರ್‌ಗೆ 8716 10 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ಅದು ಬರುವುದು ಕಾರು, ಬಸ್ಸು, ಲಾರಿಗಳೆಲ್ಲ ಇರುವ 87ನೇ ಅಧ್ಯಾಯದಲ್ಲಿ. ಆ ಅಧ್ಯಾಯಕ್ಕೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಲಗತ್ತಿಸಿರುವ ಆಮದು ಷರತ್ತುಗಳನ್ನು ಓದಿ ನೋಡಿ. ಬಳಸಿದ ವಾಹನವಾದರೆ ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೀರಿಂಗ್ ಬಲಗಡೆ ಇರಬೇಕು. ಸ್ಪೀಡೋಮೀಟರ್ ಕಿಲೊಮೀಟರ್ ಲೆಕ್ಕದಲ್ಲಿರಬೇಕು. ಹೆಡ್‌ಲೈಟಿನ ಬೆಳಕು ಎಡಗಡೆ ಚಲಿಸುವ ಸಂಚಾರಕ್ಕೆ ಹೊಂದುವಂತಿರಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇರಬೇಕು. ಮುಂಬೈ ಬಂದರಿನ ಮೂಲಕವೇ ಬರಬೇಕು. ಈಗ ಇದನ್ನು ಟ್ರೇಲರ್‌ಗೆ ಹೊಂದಿಸಿ. ಅದಕ್ಕೆ ಸ್ಟೀರಿಂಗ್ ಇಲ್ಲ, ಸ್ಪೀಡೋಮೀಟರ್ ಇಲ್ಲ, ಹೆಡ್‌ಲೈಟ್ ಇಲ್ಲ. ಇವು ಕಾರಿಗೆಂದು ಬರೆದ ಷರತ್ತುಗಳು. ಕಾರಿನ ವಿಷಯದಲ್ಲಿ ಅರ್ಥಪೂರ್ಣವಾದವು. ಟ್ರೇಲರ್ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಬೇರೆ: ಬ್ರೇಕ್ ಯಾವ ಬಗೆಯದು, ಕೊಂಡಿ ಎಷ್ಟು ತೂಕ ತಾಳುತ್ತದೆ, ಸುರಕ್ಷತಾ ಸರಪಳಿ ಇದೆಯೇ, ಆ್ಯಕ್ಸಲ್ ಎಷ್ಟು ಹೊರುತ್ತದೆ. ಆ ಷರತ್ತುಗಳ ಪಟ್ಟಿಯಲ್ಲಿ ಇವು ಕಾಣುವುದಿಲ್ಲ.

ಮೂರು ವರ್ಷದ ಮಿತಿಯ ಬಿಸಿ ಹೆಚ್ಚು ತಟ್ಟುವುದು ವಿದೇಶದಿಂದ ವಾಪಸಾಗುವ ನಮ್ಮ ಕನ್ನಡಿಗರಿಗೆ. ಆಸ್ಟ್ರೇಲಿಯಾದಲ್ಲಿ ಆಫ್‌ರೋಡ್ ಟ್ರೇಲರ್ ಮಧ್ಯಮ ವರ್ಗದ ಮನೆಗಳಲ್ಲಿ ಸಾಮಾನ್ಯ. ಮಕ್ಕಳ ಶಾಲೆಗೆ ರಜೆ ಬಂತೆಂದರೆ ಅದನ್ನು ಕಟ್ಟಿಕೊಂಡು ಹೊರಡುತ್ತಾರೆ. ಊರಿಗೆ ಮರಳುವಾಗ ಮನೆ ಸಾಮಾನಿನ ಜತೆ ಇದನ್ನೂ ಕಂಟೇನರಿಗೆ ಹಾಕಿದರಾಯಿತು ಎಂದುಕೊಳ್ಳುವುದು ಸಹಜ. ಆದರೆ ಕಸ್ಟಮ್ಸ್ ಕಾಯ್ದೆ, 1962ರ ಎರಡನೇ ಸೆಕ್ಷನ್ ‘ಬ್ಯಾಗೇಜ್’ ಎಂಬುದರಿಂದ ಮೋಟಾರು ವಾಹನಗಳನ್ನು ಹೊರಗಿಟ್ಟಿದೆ. ಟ್ರೇಲರ್ ಮೋಟಾರು ವಾಹನವೇ ಅಲ್ಲವೇ ಎಂಬ ವಾದ ಅಲ್ಲಿಂದ ಶುರು. ಮೋಟಾರು ವಾಹನ ಕಾಯ್ದೆಯನ್ನು ತೆಗೆದರೆ ಹೌದು ಎನ್ನುತ್ತದೆ. ಮೈಸೂರಿನ ಒಂದು ಕುಟುಂಬ ಹಡಗು ಹತ್ತಿಸುವ ಮುಂಚೆ ನನ್ನನ್ನು ಕೇಳಿತು. ಅವರ ಟ್ರೇಲರ್ ಮೂರು ವರ್ಷ ದಾಟಿತ್ತು. ಮಂಗಳೂರಿನ ಬಂದರು ಹತ್ತಿರವಿದ್ದರೂ ಅಲ್ಲಿ ಇಳಿಸುವಂತಿರಲಿಲ್ಲ. ಬೇಡ, ಅಲ್ಲೇ ಮಾರಿಬಿಡಿ ಎಂದೆ. ಮಾರಿದರು. ಚಾಸಿ ಪೂರಾ ಗ್ಯಾಲ್ವನೈಸ್ ಆಗಿದ್ದ, ಇನ್ನೂ ಇಪ್ಪತ್ತು ವರ್ಷ ತುಕ್ಕು ಹಿಡಿಯದ ಗಾಡಿ ಅದು. ಎಂಜಿನ್ ಇಲ್ಲದ, ಹೊಗೆ ಉಗುಳದ ಗಾಡಿಗೆ ಕಾರಿನಷ್ಟೇ ಕಟ್ಟುನಿಟ್ಟಿನ ವಯಸ್ಸಿನ ಮಿತಿ ಏಕೆ ಎಂಬುದಕ್ಕೆ ನನಗೆ ಇಂದಿಗೂ ಉತ್ತರ ಸಿಕ್ಕಿಲ್ಲ.

ಇನ್ನೆರಡು ಸಂಗತಿಗಳನ್ನು ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಂಕ ಹಾಕುವುದು ಗಾಡಿಯ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ವೆಚ್ಚ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ. ಟ್ರೇಲರ್ ತೂಕ ಕಡಿಮೆ, ಜಾಗ ಮಾತ್ರ ಕಂಟೇನರಿನಷ್ಟು ಬೇಕು. ಹಾಗಾಗಿ ಸಾಗಣೆಯ ಪಾಲೇ ದೊಡ್ಡದು. ಎರಡನೆಯದು ಮಣ್ಣು. ಸಸ್ಯ ಕ್ವಾರಂಟೈನ್ ಆದೇಶ, 2003ರಂತೆ ಪರವಾನಗಿ ಇಲ್ಲದೆ ಮಣ್ಣು ದೇಶದೊಳಕ್ಕೆ ಬರುವಂತಿಲ್ಲ. ಕಾಡುಮೇಡು ಸುತ್ತಿದ ಟ್ರೇಲರಿನ ಚಕ್ರದ ಗೂಡಿನಲ್ಲಿ, ಸಸ್ಪೆನ್ಷನ್ ಸಂದಿಯಲ್ಲಿ ಮೆತ್ತಿದ ಕೆಸರು ಇದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಈ ನಿಯಮ ನ್ಯಾಯವಾದದ್ದು. ಕಾಫಿ, ಅಡಿಕೆ, ಏಲಕ್ಕಿ ಬೆಳೆಯುವ ನಾಡಿಗೆ ಪರದೇಶದ ರೋಗ ಬರಬಾರದು. ಹಡಗು ಹತ್ತಿಸುವ ಮೊದಲೇ ಹಬೆ ಹಾಯಿಸಿ ತೊಳೆಸುವುದು ತರಿಸುವವರ ಹೊಣೆ.

ಬಂದರು ದಾಟಿದ ಮೇಲೆ ಆರ್‌ಟಿಒ. ಹಾಸನ ಜಿಲ್ಲೆಯ ತೋಟದ ಮಾಲೀಕರೊಬ್ಬರು ದಕ್ಷಿಣ ಆಫ್ರಿಕಾದಲ್ಲಿ ಕಟ್ಟಿದ ಹೊಸ ಟ್ರೇಲರ್ ತರಿಸಿದ್ದರು. ಸುಂಕ ಕಟ್ಟಿದ್ದರು, ಕಸ್ಟಮ್ಸ್ ಕೊಟ್ಟ ಆಮದು ಪತ್ರ, ಅಂದರೆ ಬಿಲ್ ಆಫ್ ಎಂಟ್ರಿ, ಕೈಯಲ್ಲಿತ್ತು. ನಂಬರ್ ಇಲ್ಲದ ಗಾಡಿಯನ್ನು ರಸ್ತೆಯಲ್ಲಿ ಎಳೆಯುವಂತಿಲ್ಲವಾದ್ದರಿಂದ ಬಂದರಿನಿಂದ ತೋಟದವರೆಗೂ ಲಾರಿಯ ಮೇಲೆ ಬಂತು, ನೋಂದಣಿ ಕಚೇರಿಗೂ ಲಾರಿಯ ಮೇಲೇ ಹೋಯಿತು. ತಾಂತ್ರಿಕ ಪ್ರಶ್ನೆ ಬಂದರೆ ಇರಲಿ ಎಂದು ನನ್ನನ್ನೂ ಕರೆದಿದ್ದರು.

ಅಲ್ಲಿನ ಬ್ರೇಕ್ ಇನ್‌ಸ್ಪೆಕ್ಟರ್ ಸಜ್ಜನರು, ಕೆಲಸ ಬಲ್ಲವರು. ಮೊದಲು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯಲು ಹೊರಟರು. ನಂಬರ್ ಇದ್ದದ್ದು ಮುಂದಿನ ಡ್ರಾಬಾರ್ ಮೇಲೆ. ಗ್ಯಾಲ್ವನೈಸ್ ಪದರ, ಅದರ ಮೇಲೆ ಬಣ್ಣ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಹದಿನೇಳು ಅಕ್ಷರಗಳಲ್ಲಿ ಅರ್ಧವೂ ಮೂಡಲಿಲ್ಲ. ಬಣ್ಣ ಕೆರೆದು, ಮತ್ತೆ ಉಜ್ಜಿ, ಅಂತೂ ಪ್ರಿಂಟ್ ಬಂತು. ಆಮೇಲೆ ಅವರು ಕೆಳಗೆ ಬಗ್ಗಿ ನೋಡಿದರು. ಎರಡೂ ಚಕ್ರಗಳಿಗೆ ಬೇರೆ ಬೇರೆ ಟ್ರೇಲಿಂಗ್ ಆರ್ಮ್, ಕಾಯಿಲ್ ಸ್ಪ್ರಿಂಗ್, ಡ್ರಮ್ಮಿನೊಳಗೆ ವಿದ್ಯುತ್ ಬ್ರೇಕ್. ಮುಂದೆ ಎಲ್ಲ ದಿಕ್ಕಿಗೂ ತಿರುಗುವ ಆಫ್‌ರೋಡ್ ಕೊಂಡಿ, ಅದರ ಪಕ್ಕ ಎರಡು ಸರಪಳಿ. ಅಕಸ್ಮಾತ್ ಕೊಂಡಿ ಕಳಚಿದರೆ ಟ್ರೇಲರ್ ತಾನಾಗಿಯೇ ಬ್ರೇಕ್ ಹಿಡಿಯುವಂತೆ ಎಳೆದಾಗ ಕಳಚುವ ಸ್ವಿಚ್ಚು. ಪಕ್ಕದ ಫಲಕದ ಮೇಲೆ ಒಟ್ಟು ತೂಕ 1,500 ಕಿಲೊ ಎಂದು ಕೊರೆದಿತ್ತು. ನಾನು ಒಂದೊಂದನ್ನೂ ತೋರಿಸಿ ವಿವರಿಸಿದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: “ಮೇಡಂ, ಗಾಡಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಯಾವ ನಿಯಮ ಬರೆದು ನಾನು ಸಹಿ ಹಾಕಲಿ, ಅದನ್ನು ಹೇಳಿ.”

ಆ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೈಲಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 47ನೇ ನಿಯಮದಂತೆ ನೋಂದಣಿ ಅರ್ಜಿಯ ಜತೆ ಮಾರಾಟ ಪತ್ರ ಬೇಕು, ಆಮದು ವಾಹನವಾದರೆ ಕಸ್ಟಮ್ಸ್ ಪತ್ರ ಬೇಕು, ತಯಾರಕರು ಕೊಟ್ಟ ರಸ್ತೆಯೋಗ್ಯತಾ ಪತ್ರ, ಅಂದರೆ ಫಾರ್ಮ್ 22 ಬೇಕು. ಈ ಗಾಡಿ ಭಾರತದ ಕಾಯ್ದೆಗೂ ನಿಯಮಗಳಿಗೂ ಅನುಗುಣವಾಗಿದೆ ಎಂದು ತಯಾರಕರೇ ಆ ಫಾರ್ಮ್‌ನಲ್ಲಿ ದೃಢೀಕರಿಸಬೇಕು. ದೂರದ ದೇಶದ ಸಣ್ಣ ತಯಾರಕನೊಬ್ಬ ತಾನು ಕಂಡರಿಯದ ಕಾಯ್ದೆಗೆ ಹೇಗೆ ಸಹಿ ಹಾಕಿಯಾನು? ಅವನು ತನ್ನ ದೇಶದ ಮಾನದಂಡದ ಪತ್ರ ಕಳಿಸುತ್ತಾನೆ. ನಮ್ಮ ಕಚೇರಿಗೆ ಅದು ಬೆಲೆಯಿಲ್ಲದ ಕಾಗದ.

ಹಾಗಾದರೆ ಇಲ್ಲಿಯೇ ಪರೀಕ್ಷೆ ಮಾಡಿಸೋಣ ಎಂದರೆ ಯಾವ ಪುಸ್ತಕದ ಪ್ರಕಾರ? ನಮ್ಮ ಕಸುಬಿನಲ್ಲಿ ಎದುರಾಗುವ ಮಾನದಂಡಗಳು ಎರಡು. ಎಐಎಸ್-124 ಬರೆದಿರುವುದು ಮೋಟಾರ್ ಕ್ಯಾರವಾನ್‌ಗೆ, ಅಂದರೆ ತನ್ನದೇ ಎಂಜಿನ್ ಇರುವ ಮನೆಗಾಡಿಗೆ. ಎಐಎಸ್-113 ಬರೆದಿರುವುದು ಎನ್2, ಎನ್3 ವರ್ಗದ ಸರಕು ವಾಹನಗಳು, ಅಂದರೆ ಲಾರಿಗಳು ಎಳೆಯುವ ಟಿ2, ಟಿ3, ಟಿ4 ಟ್ರೇಲರ್‌ಗಳಿಗೆ. ತೂಕದ ಲೆಕ್ಕದಲ್ಲಿ 750 ಕಿಲೊವರೆಗೆ ಟಿ1, ಅಲ್ಲಿಂದ 3.5 ಟನ್‌ವರೆಗೆ ಟಿ2. ತೋಟದ ಮಾಲೀಕರ ಗಾಡಿ ತೂಕದಲ್ಲಿ ಟಿ2, ಆದರೆ ಅದನ್ನು ಎಳೆಯುವುದು ಲಾರಿಯಲ್ಲ, ಎಂ1, ಅಂದರೆ ಪ್ರಯಾಣಿಕ ಕಾರುಗಳ ವರ್ಗದ ಜೀಪು. ಒಂದು ಪುಸ್ತಕ ಎಂಜಿನ್ ಕೇಳುತ್ತದೆ, ಇನ್ನೊಂದು ಲಾರಿ ಕೇಳುತ್ತದೆ. ಕ್ಯಾಂಪಿಂಗ್ ಟ್ರೇಲರ್ ಎರಡರ ನಡುವಿನ ಸಂದಿಗೆ ಬೀಳುತ್ತದೆ. ಆ ಗಾಡಿಗೆ ನಂಬರ್ ಸಿಗಲಿಲ್ಲ. ಸುಂಕ ಕಟ್ಟಿಸಿಕೊಂಡ ಸರ್ಕಾರವೇ ಅದನ್ನು ರಸ್ತೆಗೆ ಬಿಡಲಿಲ್ಲ. ತೋಟದೊಳಗಿನ ದಾರಿಯಲ್ಲಿ ಮಾತ್ರ ಓಡುತ್ತಿದೆ.

ಆ ಅಧಿಕಾರಿಯ ಬಗ್ಗೆ ನನಗೆ ಬೇಸರವಿಲ್ಲ. ಆಧಾರವಿಲ್ಲದೆ ಸಹಿ ಹಾಕಿ, ನಾಳೆ ಅಪಘಾತವಾದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾದವರು ಅವರು. ಇಂಥ ಕಡೆ ಒಂದು ಆರ್‌ಟಿಒ ಒಪ್ಪಿ, ಇನ್ನೊಂದು ಆರ್‌ಟಿಒ ತಿರಸ್ಕರಿಸುವುದು ಸಹಜ. ನಿಯಮವಿಲ್ಲದ ಕಡೆ ಪರಿಚಯ ಕೆಲಸ ಮಾಡುತ್ತದೆ, ವಶೀಲಿ ಕೆಲಸ ಮಾಡುತ್ತದೆ, ಏಜೆಂಟರ ಕೈ ಕೆಲಸ ಮಾಡುತ್ತದೆ. ಪ್ರಾಮಾಣಿಕವಾಗಿ ಎಲ್ಲ ಕಾಗದ ಹಿಡಿದು ಬಂದವರು ಹೊರಗೆ ಉಳಿಯುತ್ತಾರೆ.

ನಂಬರ್ ಹಾಕಿಸಲಾಗದವರು ಏನು ಮಾಡುತ್ತಾರೆ ಎಂಬುದನ್ನೂ ಹೇಳಬೇಕು. ಕೆಲವರು ಗಾಡಿಯನ್ನು ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ. ಕೆಲವರು ಟ್ರೇಲರಿನ ಹಿಂದೆ ಕಾರಿನ ನಂಬರನ್ನಷ್ಟೇ ಬರೆಸಿ ಓಡಾಡುತ್ತಾರೆ. ಕಾರಿನ ನಂಬರ್ ಇರಬೇಕಾದದ್ದು ನಿಜ, ಆದರೆ ಅದು ಟ್ರೇಲರಿನ ಸ್ವಂತ ನೋಂದಣಿಯ ಬದಲಿಗಲ್ಲ. ನೋಂದಣಿ ಇಲ್ಲದಿದ್ದರೆ ವಿಮೆ ಇಲ್ಲ. ಹಿಂದಿನ ಗಾಡಿ ಅಡ್ಡಾದಿಡ್ಡಿಯಾಗಿ ಪಕ್ಕದ ಬೈಕಿಗೆ ಬಡಿದರೆ ಆ ಬೈಕ್ ಸವಾರನ ಸಂಸಾರಕ್ಕೆ ಪರಿಹಾರ ಕೊಡುವವರು ಯಾರು? ಟ್ರೇಲರ್ ಮತ್ತು ವಿಮೆಯ ಜಗಳ ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. 2001ರಲ್ಲಿ ನಾಗಶೆಟ್ಟಿ ಮತ್ತು ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಚಾಲಕನ ಟ್ರ್ಯಾಕ್ಟರ್ ಲೈಸೆನ್ಸ್ ಅನೂರ್ಜಿತವಾಗುವುದಿಲ್ಲ, ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದಿತು. ಅಷ್ಟು ದೂರ ಹೋಗಿ ನ್ಯಾಯ ಪಡೆಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಸುರಕ್ಷತೆಯ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಟ್ರೇಲರ್ ಎಳೆಯುವುದು ಕಾರು ಓಡಿಸಿದಂತಲ್ಲ. ಸಾಮಾನನ್ನೆಲ್ಲ ಹಿಂಭಾಗಕ್ಕೆ ತುಂಬಿದರೆ ಕೊಂಡಿಯ ಮೇಲಿನ ಭಾರ ಕಡಿಮೆಯಾಗಿ, ಟ್ರೇಲರ್ ವೇಗದಲ್ಲಿ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಒಮ್ಮೆ ಓಲಾಟ ಹಿಡಿದರೆ ಮುಂದಿನ ಕಾರನ್ನೂ ಎಳೆದುಕೊಂಡೇ ಬೀಳುತ್ತದೆ. ಅದಕ್ಕಾಗಿ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರುವಂತೆ ತುಂಬಬೇಕು ಎಂಬುದು ನಮ್ಮಲ್ಲಿ ಪಾಠ. ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ನೆನೆಯಿರಿ. ಇಳಿಜಾರಿನ ತಿರುವಿನಲ್ಲಿ ಹಿಂದಿನಿಂದ ಒಂದೂವರೆ ಟನ್ ದೂಡುತ್ತಿರುವಾಗ, ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಕಾರಿನ ಬ್ರೇಕ್ ಕಾದು ಸೋಲುತ್ತದೆ. ಬ್ರೇಕ್ ಇದ್ದರಷ್ಟೇ ಸಾಲದು, ಬಗೆಯೂ ಮುಖ್ಯ. ಓವರ್‌ರನ್ ಬ್ರೇಕ್ ಆದರೆ ಟ್ರೇಲರ್ ಮುಂದಕ್ಕೆ ಒತ್ತಿದಾಗ ಕೊಂಡಿಯೇ ಕುಗ್ಗಿ ಬ್ರೇಕ್ ಹಿಡಿಯುತ್ತದೆ. ವಿದ್ಯುತ್ ಬ್ರೇಕ್ ಆದರೆ ಕಾರಿನೊಳಗೆ ನಿಯಂತ್ರಕ ಪೆಟ್ಟಿಗೆ ಇರಲೇಬೇಕು. ಅದಿಲ್ಲದ ಕಾರಿಗೆ ಕಟ್ಟಿದರೆ ಅಂಥ ದುಬಾರಿ ಬ್ರೇಕ್ ಇದ್ದೂ ಇಲ್ಲದಂತೆ. ಇಷ್ಟೆಲ್ಲ ತಿಳಿದುಕೊಳ್ಳಬೇಕಾದ ಗಾಡಿಗೆ ಸ್ಪಷ್ಟ ನಿಯಮ ಇಲ್ಲದಿರುವುದು ಅದರ ಮಾಲೀಕರಿಗಷ್ಟೇ ಅಲ್ಲ, ರಸ್ತೆಯಲ್ಲಿರುವ ಎಲ್ಲರಿಗೂ ಅಪಾಯ.

ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಆಸ್ಟ್ರೇಲಿಯಾ ಸಡಿಲ ದೇಶವೇನಲ್ಲ. ಅಲ್ಲಿನ ರೋಡ್ ವೆಹಿಕಲ್ ಸ್ಟ್ಯಾಂಡರ್ಡ್ಸ್ ಕಾಯ್ದೆ, 2018 ಪೂರ್ಣವಾಗಿ ಜಾರಿಗೆ ಬಂದದ್ದು 2021ರ ಜುಲೈ 1ರಂದು. ಟ್ರೇಲರ್ ಆಮದು ಮಾಡಬೇಕಾದರೆ ಹಡಗು ಬರುವ ಮೊದಲೇ ಅನುಮತಿ ಬೇಕು. ಅನುಮೋದಿತ ವಾಹನಗಳ ಒಂದು ರಾಷ್ಟ್ರೀಯ ದಾಖಲೆ ಪುಸ್ತಕವಿದೆ. ಚಾಸಿ ನಂಬರ್ ಹಾಕಿ ಯಾರು ಬೇಕಾದರೂ ಹುಡುಕಬಹುದು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಹಗುರ ಟ್ರೇಲರ್ ಕಟ್ಟದ ಸಣ್ಣ ತಯಾರಕರಿಗೆ ಬೇರೆಯದೇ ಸರಳ ದಾರಿಯಿದೆ. ಬ್ರೇಕಿನ ನಿಯಮವನ್ನು ಶಾಲೆಯ ಮಕ್ಕಳೂ ಓದಿ ತಿಳಿಯಬಹುದು: ಚಕ್ರಗಳ ಮೇಲಿನ ಭಾರ 750 ಕಿಲೊ ದಾಟಿದರೆ ಬ್ರೇಕ್ ಬೇಕು, 2,000 ಕಿಲೊ ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು, ಕೊಂಡಿ ಕಳಚಿದಾಗ ತಾನೇ ಹಿಡಿಯುವ ವ್ಯವಸ್ಥೆ ಬೇಕು. ಯುರೋಪಿನಲ್ಲಿ 750 ಕಿಲೊವರೆಗೆ ಒ1, 3,500 ಕಿಲೊವರೆಗೆ ಒ2 ಎಂಬ ವಿಭಾಗ ಇದೆ. ಒಂದೇ ಒಂದು ಗಾಡಿ ತಂದವರಿಗೂ ಬಿಡಿ ಅನುಮೋದನೆ ಪಡೆಯುವ ದಾರಿ ಅಲ್ಲಿದೆ. ಬ್ರಿಟನ್ನು 1997ರಿಂದ ಈಚೆಗೆ ಲೈಸೆನ್ಸ್ ಪಡೆದವರಿಗೆ ಭಾರಿ ಟ್ರೇಲರ್ ಎಳೆಯಲು ಪ್ರತ್ಯೇಕ ಪರೀಕ್ಷೆ ಇಟ್ಟಿತ್ತು, 2021ರ ಡಿಸೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಪರೀಕ್ಷೆ ಇರಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯ. ಆದರೆ ಅಲ್ಲಿನ ಸರ್ಕಾರಗಳು ಪ್ರಶ್ನೆಯನ್ನು ಎತ್ತಿಕೊಂಡು ಉತ್ತರ ಬರೆದವು.

ನಮ್ಮಲ್ಲೂ ವಿದೇಶಿ ಅತಿಥಿಗೆ ದಾರಿ ಇದೆ. ಹೊರದೇಶದಲ್ಲಿ ನೋಂದಣಿಯಾದ ಸ್ವಂತ ವಾಹನದೊಂದಿಗೆ ಬರುವ ಪ್ರವಾಸಿಗರಿಗೆಂದು ಕೇಂದ್ರ 2022ರಲ್ಲಿ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಅವರ ನೋಂದಣಿ ಪತ್ರ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ ಸರಿಯಿದ್ದರೆ ಅವರು ಓಡಾಡಬಹುದು. ಅತಿಥಿಗೆ ಬೇರೆ ದೇಶದ ನೋಂದಣಿಯನ್ನು ಮಾನ್ಯ ಮಾಡುವ ನಾವು, ಇಲ್ಲಿಯೇ ತೆರಿಗೆ ಕಟ್ಟಿ ಬದುಕುವ ನಾಗರಿಕನ ಗಾಡಿಯನ್ನು ಪರೀಕ್ಷಿಸಿ ನೋಡುವ ದಾರಿಯನ್ನಾದರೂ ತೆರೆಯಬೇಡವೇ?

ಇದು ಹಣವಂತರ ಆಟಿಕೆ, ಇದಕ್ಕೇಕೆ ಪತ್ರಿಕೆಯಲ್ಲಿ ಜಾಗ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಆಮದಿನ ಟ್ರೇಲರ್ ಕೊಳ್ಳುವವರು ಬಡವರಲ್ಲ. ಆದರೆ ಈ ನಿಯಮದ ಗೈರುಹಾಜರಿಯಿಂದ ಹೆಚ್ಚು ಕಳೆದುಕೊಳ್ಳುತ್ತಿರುವುದು ನನ್ನಂಥ ವರ್ಕ್‌ಶಾಪಿನವರು, ನಮ್ಮಲ್ಲಿ ದುಡಿಯುವ ವೆಲ್ಡರ್, ಫಿಟ್ಟರ್, ಪೇಂಟರ್‌ಗಳು. ಪೀಣ್ಯದಲ್ಲಿ ಚಾಸಿ ಬಗ್ಗಿಸುವ, ಆ್ಯಕ್ಸಲ್ ಕಡೆಯುವ, ಗ್ಯಾಲ್ವನೈಸ್ ಮಾಡುವ ಕೌಶಲಕ್ಕೆ ಕೊರತೆಯಿಲ್ಲ. ಆಮದಿನ ಗಾಡಿಯನ್ನು ಬಿಚ್ಚಿ ನೋಡಿದಾಗಲೆಲ್ಲ ನಮ್ಮ ಹುಡುಗರು ‘ಇದನ್ನು ನಾವೇ ಕಟ್ಟಬಹುದಲ್ಲ ಅಕ್ಕಾ’ ಎನ್ನುತ್ತಾರೆ. ಕಟ್ಟಬಹುದು. ಕಟ್ಟಿದ ಮೇಲೆ ಯಾವ ಮಾನದಂಡಕ್ಕೆ ಪರೀಕ್ಷೆ ಮಾಡಿಸಿ, ಯಾವ ಕಾಗದ ಕೊಟ್ಟು ಮಾರುವುದು? ಆಮದಿಗೆ ಅಡ್ಡ ನಿಂತಿರುವ ಗೋಡೆಯೇ ಇಲ್ಲಿನ ತಯಾರಿಕೆಗೂ ಅಡ್ಡ ನಿಂತಿದೆ. ಕ್ಯಾಂಪಿಂಗ್ ಒಂದೇ ಅಲ್ಲ. ಕಾರು ಅಥವಾ ಜೀಪು ಎಳೆಯುವ ಹಗುರ ಟ್ರೇಲರಿನ ಮೇಲೆ ಹಳ್ಳಿಗೆ ಹೋಗುವ ಕಣ್ಣಿನ ತಪಾಸಣಾ ಘಟಕ, ನೆರೆ ಬಂದಾಗ ಬೇಕಾಗುವ ಅಡುಗೆಮನೆ, ಜೇನುಪೆಟ್ಟಿಗೆ ಸಾಗಿಸುವ ಗಾಡಿ, ಏನನ್ನು ಬೇಕಾದರೂ ಕಟ್ಟಬಹುದು. ಒಂದು ನಿಯಮ ಬಂದರೆ ಇವೆಲ್ಲಕ್ಕೂ ಬಾಗಿಲು ತೆರೆಯುತ್ತದೆ.

ನಮ್ಮ ರಸ್ತೆಗಳು ಇಕ್ಕಟ್ಟು, ಟ್ರಾಫಿಕ್ ವಿಪರೀತ, ಇದರ ನಡುವೆ ಟ್ರೇಲರ್ ಬೇರೆಯೇ ಎನ್ನುವವರೂ ಇದ್ದಾರೆ. ಟ್ರೇಲರ್ ಈಗಾಗಲೇ ನಮ್ಮ ರಸ್ತೆಯಲ್ಲಿದೆ ಎಂದು ಅವರಿಗೆ ನೆನಪಿಸಬೇಕು. ಸುಗ್ಗಿಯಲ್ಲಿ ಮಂಡ್ಯ, ಬೆಳಗಾವಿ ಸೀಮೆಯ ಹೆದ್ದಾರಿಗಳಲ್ಲಿ ಕಬ್ಬು ತುಂಬಿದ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳನ್ನು ನೋಡದವರು ಯಾರು? ಹಿಂದೆ ಲೈಟಿಲ್ಲ, ಎಷ್ಟೋ ಸಲ ರಿಫ್ಲೆಕ್ಟರ್ ಕೂಡ ಇಲ್ಲ. ಕತ್ತಲಲ್ಲಿ ಬೈಕಿನವರು ಹೋಗಿ ಗುದ್ದುತ್ತಾರೆ. ಅಪ್ಪ ತಾವು ಕಟ್ಟಿದ ಪ್ರತಿ ಟ್ರೇಲರಿನ ಹಿಂದೆಯೂ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿಯೇ ಕಳಿಸುತ್ತಿದ್ದರು, ಅದಕ್ಕೆ ಬೇರೆ ದುಡ್ಡು ಕೇಳುತ್ತಿರಲಿಲ್ಲ. ಹಿಂದೆ ಬರುವ ಗಾಡಿಯನ್ನು ಗಂಭೀರವಾಗಿ ಪರಿಗಣಿಸುವ ಅಭ್ಯಾಸ ನಮ್ಮ ಆಡಳಿತಕ್ಕೆ ಬಂದರೆ ಕಬ್ಬಿನ ಟ್ರೇಲರಿನ ಹಿಂದೆ ಬರುವ ಬೈಕ್ ಸವಾರನ ಜೀವವೂ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಕಾಯ್ದೆಯ 110ನೇ ಸೆಕ್ಷನ್‌ನಂತೆ ವಾಹನಗಳ ರಚನೆ, ಸಲಕರಣೆಗಳ ಬಗ್ಗೆ ನಿಯಮ ಮಾಡುವ ಅಧಿಕಾರ ಕೇಂದ್ರದ್ದು. ಆದ್ದರಿಂದ ಮೊದಲ ಬೇಡಿಕೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ. ಕಾರು, ಜೀಪುಗಳು ಎಳೆಯುವ 3.5 ಟನ್‌ವರೆಗಿನ ಟ್ರೇಲರ್‌ಗೆಂದು ಒಂದು ಪೂರ್ಣ ಮಾನದಂಡ ಬರೆಯಲಿ. ಬ್ರೇಕ್, ಕೊಂಡಿ, ಸರಪಳಿ, ದೀಪ, ತೂಕದ ಫಲಕ, ಒಳಗಿನ ಗ್ಯಾಸ್ ಮತ್ತು ವಿದ್ಯುತ್ ಸಂಪರ್ಕ, ಎಲ್ಲವೂ ಅದರಲ್ಲಿರಲಿ. ಒಂದೇ ಗಾಡಿ ತಂದವರೂ ಕಟ್ಟಿಸಿಕೊಂಡವರೂ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳಲ್ಲಿ ಬಿಡಿ ಪರೀಕ್ಷೆ ಮಾಡಿಸಿ ಪತ್ರ ಪಡೆಯುವಂತಿರಲಿ. ಆ ಪತ್ರವನ್ನು ಫಾರ್ಮ್ 22ರ ಬದಲಿಗೆ ಒಪ್ಪುವಂತಾಗಲಿ. ಕಾರು ತಯಾರಕರು ಪ್ರತಿ ಮಾದರಿಗೂ ಎಷ್ಟು ತೂಕ ಎಳೆಯಬಹುದು ಎಂಬುದನ್ನು ಕೈಪಿಡಿಯಲ್ಲಿ ಕಡ್ಡಾಯವಾಗಿ ಮುದ್ರಿಸಲಿ. ಎಳೆಯಬಾರದ ಕಾರಾದರೆ ಅದನ್ನೂ ಮುದ್ರಿಸಲಿ.

ಎರಡನೆಯದು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ. ಎಂಜಿನ್ ಇಲ್ಲದ ಟ್ರೇಲರ್‌ಗೆ ಸ್ಟೀರಿಂಗ್, ಸ್ಪೀಡೋಮೀಟರ್, ಹೆಡ್‌ಲೈಟ್ ಷರತ್ತುಗಳು ಅನ್ವಯಿಸುವುದಿಲ್ಲ ಎಂದು ಬರವಣಿಗೆಯಲ್ಲಿ ಹೇಳಲಿ. ವಯಸ್ಸಿನ ಮಿತಿಯ ಬದಲು ಬ್ರೇಕ್, ಆ್ಯಕ್ಸಲ್, ಚಾಸಿಯ ತಪಾಸಣಾ ಪತ್ರ ಕೇಳಲಿ. ಮರಳಿ ಬರುವ ನಿವಾಸಿಗಳು ಮುಂಬೈ ಒಂದನ್ನೇ ನೆಚ್ಚಿಕೊಳ್ಳದೆ ತಮ್ಮ ರಾಜ್ಯಕ್ಕೆ ಹತ್ತಿರದ ಬಂದರಿನಲ್ಲಿ ಇಳಿಸಿಕೊಳ್ಳುವಂತಿರಲಿ.

ಮೂರನೆಯದು ನಮ್ಮ ರಾಜ್ಯದ ಸಾರಿಗೆ ಇಲಾಖೆಗೆ. ಕೇಂದ್ರ ನಿಯಮ ಬರುವತನಕ ಕಾಯಬೇಕಾಗಿಲ್ಲ. 2004ರ ಅಧಿಸೂಚನೆಯ ‘ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್’ ವರ್ಗದಡಿ ಅರ್ಜಿ ಬಂದರೆ ಯಾವ ಯಾವ ದಾಖಲೆ ಕೇಳಬೇಕು, ತೆರಿಗೆಯನ್ನು ಹೇಗೆ ನಿಗದಿ ಮಾಡಬೇಕು, ಯಾವ ಅಧಿಕಾರಿ ತೀರ್ಮಾನಿಸಬೇಕು ಎಂದು ಎಲ್ಲ ಆರ್‌ಟಿಒಗಳಿಗೂ ಒಂದೇ ಸುತ್ತೋಲೆ ಕಳಿಸಲಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಲಿ. ಕೇರಳ ಮತ್ತು ಮಹಾರಾಷ್ಟ್ರ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿವೆ. ಪಶ್ಚಿಮಘಟ್ಟ, ಕರಾವಳಿ, ಹಂಪಿ, ಬಾದಾಮಿ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡ ನಾಡು ನೋಂದಣಿಯ ಮೇಜಿನ ಬಳಿಯೇ ಎಡವುವುದು ಸರಿಯಲ್ಲ.

ಈಗಲೇ ತರಿಸಲು ಹೊರಟವರಿಗೂ ಒಂದು ಮಾತು. ಮುಂಗಡ ಕೊಡುವ ಮೊದಲು ನಿಮ್ಮ ಆರ್‌ಟಿಒಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಭರವಸೆಯ ಮೇಲೆ ಹಡಗು ಹತ್ತಿಸಬೇಡಿ. ತಯಾರಕರಿಂದ ಬ್ರೇಕ್, ಕೊಂಡಿ, ಆ್ಯಕ್ಸಲ್‌ಗಳ ಪರೀಕ್ಷಾ ಪತ್ರಗಳನ್ನು ಬೇರೆ ಬೇರೆಯಾಗಿ ತರಿಸಿಕೊಳ್ಳಿ. ಟ್ರೇಲರಿಗೆ ಪಾಲಿಸಿ ಕೊಡುತ್ತೀರಾ ಎಂದು ವಿಮಾ ಕಂಪನಿಯನ್ನು ಮೊದಲೇ ಕೇಳಿ. ನಿಮ್ಮ ಕಾರು ಎಷ್ಟು ಎಳೆಯಬಲ್ಲದು ಎಂದು ಅದರ ತಯಾರಕರಿಂದಲೇ ಬರೆಸಿಕೊಳ್ಳಿ. ಈ ನಾಲ್ಕರಲ್ಲಿ ಒಂದು ಕೈಗೆ ಬಾರದಿದ್ದರೂ ತರಿಸುವುದನ್ನು ಮುಂದೂಡಿ.

ಕಾನೂನು ಪಾಲಿಸಲು ಸಿದ್ಧನಿರುವ ನಾಗರಿಕನಿಗೆ ಪಾಲಿಸಬೇಕಾದ ಕಾನೂನು ಯಾವುದು ಎಂದು ಸ್ಪಷ್ಟವಾಗಿ ಹೇಳುವುದು ಸರ್ಕಾರದ ಕರ್ತವ್ಯ. ವಾಹನವೊಂದಕ್ಕೆ ವರ್ಗ ಕೊಟ್ಟು, ಸುಂಕದ ಸಂಖ್ಯೆ ಕೊಟ್ಟು, ಸುಂಕವನ್ನೂ ಪಡೆದ ಮೇಲೆ ಅದನ್ನು ಪರೀಕ್ಷಿಸುವ ಅಳತೆಗೋಲನ್ನೂ ಕೊಡಲೇಬೇಕು. ಆ ಅಳತೆಗೋಲು ಎಷ್ಟು ಕಠಿಣವಾಗಿದ್ದರೂ ಅದಕ್ಕೆ ತಕ್ಕಂತೆ ಕಟ್ಟಲು ನಾವು ತಯಾರಿದ್ದೇವೆ. ಬರೆದುಕೊಡುವ ಕೆಲಸವನ್ನು ಸಚಿವಾಲಯ ಇನ್ನು ತಡಮಾಡಬಾರದು.